ವಾರಕ್ಕೆ ನಾಲ್ಕು ಸೆಕೆಂಡ್ ಬೈಗುಳ

ಇಪ್ಪತ್ತೊಂಬತ್ತು ವರ್ಷಗಳಿಂದ ಹೆಂಡತಿ ತನ್ನನ್ನು ಸಹಿಸಿಕೊಂಡಿದ್ದಾಳೆಯೇ ಹೊರತು ಮೆಚ್ಚಿಕೊಂಡಿಲ್ಲ ಎಂಬ ಘೋರ ಸತ್ಯ ಲಯನಲ್ ಟಕೆಟ್‌ಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಹದಿನೇಳನೆಯ ಚಿತ್ರದಲ್ಲಿ. ಬೇರೆ ಗಂಡಂದಿರಿಗೆ ಇಂಥ ಸತ್ಯ ಜಗಳದಲ್ಲಿ ಗೊತ್ತಾಗುತ್ತದೆ, ಇಲ್ಲವೆ ಅತ್ತೆಯ ಬಾಯಿಂದ ಗೊತ್ತಾಗುತ್ತದೆ. ಪುಣ್ಯವಂತರಿಗೆ ಸಾಯುವವರೆಗೂ ಗೊತ್ತಾಗುವುದಿಲ್ಲ. ಲಯನಲ್‌ನ ಕಸುಬೇ ಅವನಿಗೆ ಮುಳುವಾಯಿತು.

ಆ ಕಸುಬು ಏನೆಂದು ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಬ್ರಿಸ್ಟಲ್‌ನ ರೈಲು ನಿಲ್ದಾಣದ ಹಿಂದೆ ಒಂದು ಹಳೆಯ ಗೋದಾಮು. ಅದರೊಳಗೆ ನಲವತ್ತು ಜನ, ಮದುವೆಯಾಗಿ ಮಕ್ಕಳಿರುವ ದೊಡ್ಡ ಮನುಷ್ಯರು, ಬೆಳಗಿನಿಂದ ಸಂಜೆಯವರೆಗೆ ಮಣ್ಣಿನ ಗೊಂಬೆಗಳ ಜೊತೆ ಆಡುತ್ತಾರೆ. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಎತ್ತುವುದು, ದೂರ ಸರಿಯುವುದು, ಒಂದು ಚಿತ್ರ ತೆಗೆಯುವುದು. ಮತ್ತೆ ಕೂದಲೆಳೆಯಷ್ಟು ಎತ್ತುವುದು, ಮತ್ತೆ ಚಿತ್ರ. ಹೀಗೆ ಇಪ್ಪತ್ತನಾಲ್ಕು ಸಲ ಮಾಡಿದರೆ ತೆರೆಯ ಮೇಲೆ ಒಂದು ಸೆಕೆಂಡು. ವಾರವಿಡೀ ಬೆನ್ನು ಬಗ್ಗಿಸಿದರೆ, ನಡುವೆ ಯಾರೂ ಮೇಜಿಗೆ ಡಿಕ್ಕಿ ಹೊಡೆಯದಿದ್ದರೆ, ನಾಲ್ಕು ಸೆಕೆಂಡು. ಲಯನಲ್ ಈ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿದ್ದ. ಒಟ್ಟು ದುಡಿಮೆ ಸುಮಾರು ಒಂದೂವರೆ ಗಂಟೆ. (ಈ ಲೆಕ್ಕ ಹಾಕಿದ್ದು ಅವನ ಹೆಂಡತಿ ಗೇನರ್. "ಒಂದು ಕೋಳಿ ಬೇಯೋಕೂ ಅಷ್ಟೇ ಹೊತ್ತು ಕಣಪ್ಪ. ಆದ್ರೆ ಕೋಳೀನ ತಿನ್ನಬಹುದು" ಎಂದು ಅವಳು ತನ್ನ ಅಕ್ಕನ ಎದುರಿಗೇ ಹೇಳಿದ್ದಳು.)

ಇದೇ ವೇಗವನ್ನು ಲಯನಲ್ ಮನೆಗೂ ತಂದಿದ್ದ. ಹಿತ್ತಿಲ ಬಾಗಿಲಿನ ಚಿಲಕವನ್ನು ಅವನು ರಿಪೇರಿ ಮಾಡಲು ಶುರುಮಾಡಿ ಆರು ವರ್ಷವಾಗಿತ್ತು. ಕೇಳಿದರೆ, "ಮಾಡ್ತಾ ಇದ್ದೀನಲ್ಲ" ಎನ್ನುತ್ತಿದ್ದ. ಅದು ಸುಳ್ಳಲ್ಲ. ಮಾಡುತ್ತಲೇ ಇದ್ದ.

ಸ್ಟುಡಿಯೋದ ನಲವತ್ತು ಜನಕ್ಕೂ ಅನ್ನದಾತ ಮಿಸ್ಟರ್ ಕ್ರಂಬ್ ಎಂಬ ಮಣ್ಣಿನ ಕಪ್ಪೆ. ಕಂದು ಕೋಟು, ಬಗಲಲ್ಲಿ ಛತ್ರಿ, ಯಾರಾದರೂ ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಬಕೆಟ್ಟಿನೊಳಗೆ ಇಳಿದು ಕೂತುಬಿಡುವ ಪುಕ್ಕಲ ಸ್ವಭಾವ. ಆ ದೇಶದವರಿಗೆ ಈ ಕಪ್ಪೆಯ ಮೇಲೆ ಅದೆಂಥ ಮಮಕಾರವೋ! ಕ್ರಂಬ್ ಮುಖವಿಲ್ಲದ ಚಹಾ ಮಗ್ಗು, ಕ್ರಂಬ್ ಮುಖವಿಲ್ಲದ ಮನೆಚಪ್ಪಲಿ ಇಡೀ ಬೀದಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಸ್ವಂತ ತಮ್ಮನ ಹುಟ್ಟುಹಬ್ಬ ಮರೆಯುವವರು ಕ್ರಂಬ್ ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸುತ್ತಿದ್ದರು. ಇಂಥ ಕ್ರಂಬ್‌ಗೆ ಹೊಸ ಸಿನಿಮಾದಲ್ಲಿ ಮದುವೆ ಮಾಡುವುದೆಂದು ಸ್ಟುಡಿಯೋ ನಿಶ್ಚಯಿಸಿತು. ವಧುವಿನ ಹೆಸರು ವಿನಿಫ್ರೆಡ್. ಅಗಲ ಬಾಯಿಯ, ದಪ್ಪ ಹುಬ್ಬಿನ, ಒಳ್ಳೆಯ ಮನೆತನದ ಕಪ್ಪೆ.

ತಂಟೆ ಶುರುವಾದದ್ದು ಆರು ಸೆಕೆಂಡಿನ ಒಂದು ದೃಶ್ಯದಿಂದ. ಕ್ರಂಬ್ ತಾನೇ ಹೆಣೆದ ಉಣ್ಣೆಯ ಛತ್ರಿಯೊಂದನ್ನು ಹೆಂಡತಿಯ ಹುಟ್ಟುಹಬ್ಬಕ್ಕೆ ಕೊಡುತ್ತಾನೆ. ಅವಳಿಗೆ ಅದು ಒಂದಿಷ್ಟೂ ಹಿಡಿಸುವುದಿಲ್ಲ. ಆದರೂ, "ಅಬ್ಬಾ, ಎಷ್ಟು ಚೆನ್ನಾಗಿದೆ! ಇದೆಲ್ಲ ಯಾಕೆ ತರೋಕೆ ಹೋದೆ?" ಎನ್ನಬೇಕು. ಗೊಂಬೆ ಮಾಡಬೇಕಾದದ್ದನ್ನೆಲ್ಲ ಮೊದಲು ಗೊಂಬೆ ಆಡಿಸುವವನು ತಾನೇ ಮಾಡಿ, ಅದನ್ನು ವಿಡಿಯೋ ಹಿಡಿದು, ಆಮೇಲೆ ಚಿತ್ರ ಚಿತ್ರವಾಗಿ ನೋಡಿಕೊಂಡು ಮಣ್ಣಿಗೆ ಇಳಿಸುವುದು ಅಲ್ಲಿನ ಪದ್ಧತಿ. ಲಯನಲ್ ತಲೆಗೊಂದು ವಸ್ತ್ರ ಕಟ್ಟಿಕೊಂಡು ವಿನಿಫ್ರೆಡ್ ಆದ. ನಿರ್ದೇಶಕಿ ಟ್ಯಾಮ್‌ಸಿನ್ ಓಕ್ಸ್ ಅದನ್ನು ಎರಡು ಸಲ ಓಡಿಸಿ ನೋಡಿದಳು. ಅವಳಿಗೆ ಮೂವತ್ತೊಂದು ವರ್ಷ. ಲಯನಲ್ ಗೊಂಬೆ ಆಡಿಸಲು ಶುರುಮಾಡಿದ ವರ್ಷ ಹುಟ್ಟಿದವಳು.

"ಲಯನಲ್, ಬೇಜಾರು ಮಾಡ್ಕೋಬೇಡಿ. ಇದು ಇಷ್ಟವಿಲ್ಲದ ಉಡುಗೊರೆ ಸಿಕ್ಕ ಹೆಂಗಸಿನ ಮುಖ ಅಲ್ಲ. ಹಲ್ಲುನೋವು ಬಂದ ಕುದುರೆ ಮುಖ."

"ನನ್ನ ಹೆಂಡ್ತಿ ಹಲ್ಲಿನ ಡಾಕ್ಟರ ಹತ್ರಾನೇ ಕೆಲಸ ಮಾಡೋದು" ಎಂದ ಲಯನಲ್, ಯಾಕೆ ಹೇಳಿದೆನೆಂದು ತನಗೇ ತಿಳಿಯದೆ.

"ಮದುವೆ ಆಗಿ ಎಷ್ಟು ವರ್ಷ ಆಯ್ತು?"

"ಇಪ್ಪತ್ತೊಂಬತ್ತು."

"ಹಾಗಾದ್ರೆ ಅವರ ಕೈಲೇ ಮಾಡಿಸ್ಕೊಂಡು ಬನ್ನಿ. ಅವರಿಗೆ ರೂಢಿ ಇರುತ್ತೆ."

ಈ ಮಾತಿನ ಮೊನೆ ಲಯನಲ್‌ಗೆ ಆಗ ತಾಗಲಿಲ್ಲ. ಮನೆಗೆ ಬಂದ. ಅವನ ಮನೆ ಇರುವುದು ಊರಿನ ಕಡಿದಾದ ದಿಬ್ಬದ ನೆತ್ತಿಯಲ್ಲಿ. ಅಂಗಡಿ ಚೀಲ ಹೊತ್ತು ಹತ್ತಿದವರು ಬಾಗಿಲಲ್ಲಿ ಐದು ನಿಮಿಷ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. (ಚೀಲ ಹೊರುವವಳು ಗೇನರ್ ಆದ್ದರಿಂದ ಲಯನಲ್‌ಗೆ ಆ ದಿಬ್ಬ ಅಷ್ಟೇನೂ ಕಡಿದಾಗಿ ಕಂಡಿರಲಿಲ್ಲ.) ಗೇನರ್ ಒಲೆಯಿಂದ ಮೀನಿನ ಪೈ ಇಳಿಸುತ್ತಿದ್ದಳು. ಲಯನಲ್ ಕಪಾಟಿನಲ್ಲಿ ಕೈಗೆ ಸಿಕ್ಕಿದ ಟೀಪಾಟ್ ಒಂದನ್ನು ಅವಳ ಕೈಗಿಟ್ಟು ಕ್ಯಾಮೆರಾ ತಿರುಗಿಸಿದ. ಆ ಟೀಪಾಟ್ ಅವನೇ ಮಾಡಿದ್ದು, ಹಿಂದಿನ ವರ್ಷ ಅವಳ ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಕ್ರಂಬ್ ಆಕಾರದ್ದು. ಚಹಾ ಮೂಗಿನಿಂದ ಬರುತ್ತಿತ್ತು.

"ಇದನ್ನ ಈಗ ಯಾರೋ ನಿಂಗೆ ಕೊಟ್ರು. ನಿಂಗೆ ಇಷ್ಟ ಆಗಿಲ್ಲ. ಆದ್ರೂ ಚೆನ್ನಾಗಿದೆ ಅಂತ ಹೇಳ್ಬೇಕು."

"ಅಷ್ಟೇ ತಾನೆ?" ಎಂದು ಗೇನರ್ ಕೈವಸ್ತ್ರದಲ್ಲಿ ಕೈ ಒರೆಸಿಕೊಂಡಳು. ಟೀಪಾಟನ್ನು ನೋಡಿದಳು. ಕಣ್ಣು ಅರಳಿತು, ಹುಬ್ಬು ಮೇಲೇರಿತು, ಕೈ ಎದೆಯ ಮೇಲೆ ಬಂತು. "ಅಬ್ಬಾ, ಎಷ್ಟು ಚೆನ್ನಾಗಿದೆ! ಇದೆಲ್ಲ ಯಾಕೆ ತರೋಕೆ ಹೋದೆ?" ಆಮೇಲೆ ಅದೇ ಉಸಿರಿನಲ್ಲಿ, "ಆಯ್ತಾ? ಕೈ ತೊಳ್ಕೊಂಡು ಬಾ, ಆರಿಹೋಗುತ್ತೆ" ಎಂದಳು.

ಮರುದಿನವೇ ಆ ಮಂಗಳವಾರ. ಲಯನಲ್ ಸ್ಟುಡಿಯೋದಲ್ಲಿ ಗೇನರ್‌ಳನ್ನು ಒಂದೊಂದೇ ಚಿತ್ರ ಮುಂದೆ ನೂಕುತ್ತ ಹೋದ. ಒಂಬತ್ತನೆಯ ಚಿತ್ರದಲ್ಲಿ ಕಣ್ಣು ಬಾಗಿಲ ಕಡೆ ಹೋಗಿ ಬಂತು. ಹದಿನಾಲ್ಕರಲ್ಲಿ ಎಡಹುಬ್ಬು ಏರಿತು. ಹದಿನೇಳರಲ್ಲಿ, ಅಯ್ಯೋ ದೇವರೇ, ಇಪ್ಪತ್ತನಾಲ್ಕನೇ ಒಂದು ಸೆಕೆಂಡಿನ ಮಟ್ಟಿಗೆ, ಆ ಮುಖದಲ್ಲಿ ಎಂಥ ತಿರಸ್ಕಾರ! ರೆಪ್ಪೆ ಅರ್ಧ ಇಳಿದು, ತುಟಿಯ ಒಂದು ತುದಿ ಕೆಳಗೆ ಜಾರಿ, ಒಂದು ರಾಜ್ಯವನ್ನೇ ಗಡೀಪಾರು ಮಾಡುವಂಥ ನೋಟ. ಹದಿನೆಂಟರಲ್ಲಿ ಅದು ಮಾಯವಾಗಿ ಮತ್ತೆ ಅಕ್ಕರೆ. ಲಯನಲ್ ಮೊದಲು ಕಲಾವಿದನಾಗಿ ಹಿಗ್ಗಿದ. ಆಮೇಲೆ ಗಂಡನಾಗಿ ಕುಗ್ಗಿದ. ಯಾಕೆಂದರೆ ಇದೇ ಟೀಪಾಟನ್ನು ಕೊಟ್ಟ ದಿನವೂ ಅವಳು ಇದೇ ಮಾತನ್ನು, ಇದೇ ಧಾಟಿಯಲ್ಲಿ, ಇದೇ ಎದೆಯ ಮೇಲೆ ಕೈಯಿಟ್ಟು ಹೇಳಿದ್ದಳು.

ಶನಿವಾರ ಗೇನರ್ ಅಕ್ಕನ ಮನೆಗೆ ಹೋದಾಗ ಅವನು ಮದುವೆಯ ವಿಡಿಯೋ ಹೊರಗೆ ತೆಗೆದ. ಪಾದ್ರಿ ಕೇಳುತ್ತಾನೆ, "ಈತನನ್ನು ಪತಿಯಾಗಿ ಸ್ವೀಕರಿಸಲು ನಿನಗೆ ಒಪ್ಪಿಗೆಯೇ?" ಗೇನರ್ ಬಾಯಿ ತೆರೆಯುತ್ತಾಳೆ. ಹನ್ನೊಂದನೆಯ ಚಿತ್ರ. ಅದೇ ರೆಪ್ಪೆ. ಅದೇ ತುಟಿ. ಮರುಕ್ಷಣ ಅವಳು ಮುದ್ದಾಗಿ "ಒಪ್ಪಿಗೆ" ಎನ್ನುತ್ತಾಳೆ. ಅಂದರೆ ತಾನೂ ಒಂದು ಟೀಪಾಟೇ! ಬೇಡದ ಉಡುಗೊರೆ! ಕಪಾಟಿನ ಹಿಂದಿನ ಸಾಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಧೂಳು ಹಿಡಿಯುತ್ತ ಕೂತವನು! ಲಯನಲ್ ಕುರ್ಚಿಯಲ್ಲಿ ಕುಸಿದು ಕೂತ. ನಿಜಕ್ಕೂ ಅವನಿಗೆ ಅಳು ಬಂತು. ಗೇನರ್ ಇಲ್ಲದ ಬದುಕು ಅವನಿಗೆ ಗೊತ್ತೇ ಇರಲಿಲ್ಲ, ಅದನ್ನು ಊಹಿಸುವ ಶಕ್ತಿಯೂ ಇರಲಿಲ್ಲ.

ನೇರವಾಗಿ ಕೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಸೀಮೆಯ ಗಂಡಸರು ಹಾಗೆಲ್ಲ ಕೇಳುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ, ಸ್ವಲ್ಪ ಸೆಕೆ ಅಲ್ಲವೇ ಎಂದು ಶುರುಮಾಡುವ ಜನ.

"ಗೇನರ್, ನೀನು… ಒಟ್ಟಾರೆ… ಸುಖವಾಗಿದ್ದೀಯಾ?"

"ಯಾಕೆ, ಡಾಕ್ಟರ್ ಏನಾದ್ರೂ ಹೇಳಿದ್ರಾ?"

"ಇಲ್ಲ ಇಲ್ಲ, ಸುಮ್ನೆ ಕೇಳ್ದೆ."

"ಚೆನ್ನಾಗೇ ಇದ್ದೀನಲ್ಲ. ಹಾಲು ಖಾಲಿ, ಹೋಗಿ ತಗೊಂಡು ಬಾ."

ಚೆನ್ನಾಗೇ! ಟೀಪಾಟಿಗೂ ಅವಳು ಹೇಳಿದ್ದು ಇದೇ ಪದ.

ಅಲ್ಲಿಂದ ಮುಂದೆ ಅವನ ಬುದ್ಧಿ ಕೆಟ್ಟಿತು. ವೈಜ್ಞಾನಿಕ ಸಂಶೋಧನೆಗೆ ಇಳಿದ. ಅಡುಗೆಮನೆಯ ಅಟ್ಟಣೆಯ ಮೇಲೆ ಗೇನರ್‌ಳ ಅಜ್ಜಿಯ ಕಾಲದ ಬಿಸ್ಕತ್ ಡಬ್ಬಿಯೊಂದಿತ್ತು. ಅದರ ಮುಚ್ಚಳ, ಮೈ ಎಲ್ಲ ಹುಲ್ಲುಮಾಡಿನ ಮನೆಯ ಚಿತ್ರ. ಆ ಮನೆಯ ಕಿಟಕಿಗೆ ಸರಿಯಾಗಿ ಲಯನಲ್ ಒಂದು ತೂತು ಕೊರೆದು, ಒಳಗೆ ಸ್ಟುಡಿಯೋದ ಪುಟ್ಟ ಕ್ಯಾಮೆರಾ ಕೂರಿಸಿದ. ಮೇಲೆ ಒಂದು ಪದರ ಬಿಸ್ಕತ್ತು ಮುಚ್ಚಿದ. ಕ್ಯಾಮೆರಾದ ಪಕ್ಕದಲ್ಲೇ, ಬಿಸ್ಕತ್ತಿನ ಅಡಿಗೆ, ಒಂದು ನೋಟ್‌ಬುಕ್. ಆಮೇಲೆ ಹೆಂಡತಿಗೆ ಉಡುಗೊರೆಗಳ ಸುರಿಮಳೆ ಶುರು. ಸೋಮವಾರ ರಿಬ್ಬನ್ ಕಟ್ಟಿದ ಪಾತ್ರೆ ಉಜ್ಜುವ ಬ್ರಷ್ಷು. "ಅಬ್ಬಾ, ಚೆನ್ನಾಗಿದೆ!" ಬುಧವಾರ ಹಳೇ ಬಟ್ಟೆ ಅಂಗಡಿಯಿಂದ ಗೂಬೆ ಚಿತ್ರದ ಸ್ವೆಟರು, ಒಂದು ತೋಳು ಇನ್ನೊಂದಕ್ಕಿಂತ ಉದ್ದ. "ಎಷ್ಟು ಚೆನ್ನಾಗಿದೆ! ಬೆಚ್ಚಗೂ ಇರುತ್ತೆ." ಶುಕ್ರವಾರ ಸಾವಿರ ತುಂಡು ಜೋಡಿಸುವ ಜಿಗ್‌ಸಾ ಆಟ. ಇಡೀ ಚಿತ್ರ ಬರೀ ಆಕಾಶ, ಅದರಲ್ಲೂ ಹನ್ನೆರಡು ತುಂಡು ಇಲ್ಲ. "ಇದೆಲ್ಲ ಯಾಕೆ ತರೋಕೆ ಹೋದೆ, ಲಯನಲ್?"

ಪ್ರತಿಯೊಂದರಲ್ಲೂ, ಹುಡುಕಿದರೆ, ಎಲ್ಲೋ ಒಂದು ಚಿತ್ರದಲ್ಲಿ ಆ ತಿರಸ್ಕಾರ ಸಿಕ್ಕೇ ಸಿಗುತ್ತಿತ್ತು. ಅವಳು ಚಹಾ ಗುಟುಕರಿಸುವಾಗಲೂ ಆರನೆಯ ಚಿತ್ರದಲ್ಲಿ ಸಿಕ್ಕಿತು. ತಲೆ ನೆಟ್ಟಗಿದ್ದವನಾಗಿದ್ದರೆ, ಯಾವ ಮನುಷ್ಯನ ಮುಖವನ್ನೇ ಆಗಲಿ ರೆಪ್ಪೆ ಹೊಡೆಯುವ ನಡುವೆ ನಿಲ್ಲಿಸಿದರೆ ಹೀಗೇ ಕಾಣುತ್ತದೆಂದು ಹೊಳೆಯಬೇಕಿತ್ತು. ಲಯನಲ್ ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದದ್ದು: "ನಾನು ಮಾಡುವ ಚಹಾವನ್ನೂ ಅವಳು ಎಂದೂ ಇಷ್ಟಪಟ್ಟಿಲ್ಲ." (ಇದೊಂದು ಮಾತ್ರ ಸತ್ಯವೆಂದು ಮುಂದೆ ತಿಳಿದುಬಂತು.)

ಈ ನಡುವೆ ಸ್ಟುಡಿಯೋದಲ್ಲಿ ಆ ಆರು ಸೆಕೆಂಡಿನ ದೃಶ್ಯ ಮುಗಿಯಿತು. ಹದಿನೇಳನೆಯ ಚಿತ್ರವನ್ನು ಅವನು ಎಳ್ಳಷ್ಟೂ ಬಿಡದೆ ಮಣ್ಣಿಗೆ ಇಳಿಸಿದ್ದ. ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು. "ಇದು ಕಪ್ಪೆ ಅಲ್ಲ ಲಯನಲ್, ನಮ್ಮಮ್ಮ!" ಎಂದಳು ಟ್ಯಾಮ್‌ಸಿನ್, ಕಣ್ಣೊರೆಸಿಕೊಂಡು. "ಗೇನರ್ ಅವರ ಕೈಲಿ ಇನ್ನೊಂದಷ್ಟು ಮಾಡಿಸ್ಕೊಂಡು ಬನ್ನಿ."

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಲಯನಲ್ ಎರಡು ಮಗ್ಗು ಚಹಾ ಹಿಡಿದು ಅಡುಗೆಮನೆಗೆ ಬಂದರೆ, ಮೇಜಿನ ಮೇಲೆ ಡಬ್ಬಿ ತೆರೆದಿದೆ. ಬಿಸ್ಕತ್ತೆಲ್ಲ ತಟ್ಟೆಯಲ್ಲಿದೆ. ಗೇನರ್ ನೋಟ್‌ಬುಕ್ ಓದುತ್ತಿದ್ದಾಳೆ.

"ವಾರದಿಂದ ಒಂದು ಬಿಸ್ಕತ್ತೂ ಮುಟ್ಟಿಲ್ಲ ನೀನು" ಎಂದಳು. "ಹುಷಾರಿಲ್ಲವೇನೋ ಅಂತ ಡಬ್ಬಿ ತೆಗೆದೆ. 'ಮದುವೆ, ಹನ್ನೊಂದನೇ ಚಿತ್ರ, ತೀವ್ರ ತಿರಸ್ಕಾರ.' ಏನಿದು?"

"ಅದು… ಕೆಲಸದ್ದು."

"ಕೆಲಸದ್ದಾ?" ಗೇನರ್ ಕ್ಯಾಮೆರಾವನ್ನು ಮತ್ತೆ ಡಬ್ಬಿಯೊಳಗಿಟ್ಟಳು, ಡಬ್ಬಿಯನ್ನು ಎದುರಿಗೆ ಎಳೆದುಕೊಂಡಳು, ಗುಂಡಿ ಒತ್ತಿದಳು. "ಹಾಗಾದ್ರೆ ನಿನ್ನ ಹತ್ರ ಮಾತಾಡಿ ಪ್ರಯೋಜನ ಇಲ್ಲ. ನೀನು ನನ್ನ ನೋಡೋದು ಇದರಲ್ಲಿ ತಾನೆ? ಇದಕ್ಕೇ ಹೇಳ್ತೀನಿ." ಹುಲ್ಲುಮಾಡಿನ ಮನೆಯ ಕಿಟಕಿಗೆ ಮುಖವಿಟ್ಟು ಶುರುಮಾಡಿದಳು. "ನೋಡು ಲಯನಲ್. ಮೊದಲ್ನೇದಾಗಿ, ಈ ಡಬ್ಬಿ ನಮ್ಮಜ್ಜೀದು. ಎರಡು ಯುದ್ಧ ದಾಟಿ ಬಂದಿತ್ತು. ನಿನ್ನ ಕೈಯಿಂದ ಬಚಾವಾಗಲಿಲ್ಲ…"

ಇಲ್ಲಿ ಲಯನಲ್‌ನ ಒಂದು ದೈವದತ್ತ ವಿದ್ಯೆಯ ಬಗ್ಗೆ ಹೇಳಬೇಕು. ಬೈಗುಳ ಹತ್ತು ಸೆಕೆಂಡು ದಾಟಿದರೆ ಅವನ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕಣ್ಣು ಮಾತ್ರ ತೆರೆದೇ ಇರುತ್ತಿತ್ತು. ಈಗಲೂ ಹಾಗೇ ಆಯಿತು. ಎಡಹುಬ್ಬು ಬಲಹುಬ್ಬಿಗಿಂತ ಮೂರು ಚಿತ್ರ ಮೊದಲೇ ಏರುತ್ತದಲ್ಲ, ಎಂದು ಅವನು ಯೋಚಿಸುತ್ತಿದ್ದ. ಗಲ್ಲದಲ್ಲಿ ಎಂಥ ಒಳ್ಳೆಯ ನಡುಕ! ಕಿಟಕಿಯ ಬೆಳಕೂ ಸರಿಯಾಗಿ ಬಿದ್ದಿದೆ! ಇದನ್ನು ಮಣ್ಣಿನಲ್ಲಿ ತರಬೇಕಾದರೆ ಕೆನ್ನೆಯೊಳಗೆ ತಂತಿ ಇಡಬೇಕಾಗುತ್ತದೆ. ಅವನು ತಂತಿಯ ದಪ್ಪವನ್ನು ಯೋಚಿಸುತ್ತಿರುವಾಗ ಗೇನರ್ ಸುಮ್ಮನಾದಳು. ಸುಮ್ಮನಾಗಿ, ಮೊದಲ ಸಲ ಡಬ್ಬಿಯಿಂದ ಕಣ್ಣು ತೆಗೆದು, ಬಾಗಿಲಲ್ಲಿ ನಿಂತವನನ್ನು ನೋಡಿದಳು. ಏನೋ ಉತ್ತರಕ್ಕೆ ಕಾಯುವ ಹಾಗೆ.

ಲಯನಲ್ ಒಂದು ಮಗ್ಗನ್ನು ಮುಂದೆ ಚಾಚಿದ. "ಚಹಾ ಆರಿಹೋಗುತ್ತೆ" ಎಂದ.

ಗೇನರ್ ಗುಂಡಿ ಒತ್ತಿ ಕ್ಯಾಮೆರಾ ನಿಲ್ಲಿಸಿದಳು. ಆಮೇಲೆ ಕ್ಯಾಮೆರಾದ ಕಾರ್ಡನ್ನು ಕಿತ್ತು ಅವನ ಊಟದ ಚೀಲಕ್ಕೆ ಹಾಕಿದಳು. "ಕೆಲಸದ್ದಲ್ವಾ. ಅಲ್ಲೇ ಕೂತು ನೋಡು."

ಅವನು ನೋಡಲಿಲ್ಲ. ಧೈರ್ಯ ಯಾರಿಗಿದೆ? ಸೋಮವಾರ ಕಾರ್ಡನ್ನು ಮೇಜಿನ ಮೇಲಿಟ್ಟು, ಮುಟ್ಟಿದರೆ ಕಚ್ಚುವುದೇನೋ ಎಂಬಂತೆ ದೂರ ಸರಿದ. ಹನ್ನೊಂದು ಗಂಟೆಗೆ ಚಹಾಕ್ಕೆ ಹೋಗಿ ಬಂದರೆ, ಟ್ಯಾಮ್‌ಸಿನ್ ಅವನ ಮೇಜಿನಲ್ಲಿ ಕೂತು ಪರದೆಯನ್ನು ನೋಡುತ್ತಿದ್ದಾಳೆ. ತಾನು ಕೇಳಿದ್ದ ಹೊಸ ವಿಡಿಯೋ ಇದೇ ಇರಬೇಕೆಂದು ಹಾಕಿಕೊಂಡಿದ್ದಳು. ಅವಳ ಹಿಂದೆ ಬೆಳಕಿನವರು, ಬಣ್ಣದವರು, ಗೊಂಬೆಗೆ ಕಿವಿ ಮಾಡುವವರು, ಎಲ್ಲರೂ ಗುಂಪುಗಟ್ಟಿದ್ದಾರೆ. ಯಾರೋ ಮೂಗೊರೆಸಿಕೊಳ್ಳುತ್ತಿದ್ದಾರೆ. ಲಯನಲ್‌ನನ್ನು ಕಂಡು ಎಲ್ಲರೂ ಚದುರಿದರು. ಹೋಗುವಾಗ ಬಣ್ಣದ ವಿಭಾಗದ ಮುದುಕನೊಬ್ಬ ಅವನ ಬೆನ್ನು ತಟ್ಟಿದ. ಯಾಕೆ ತಟ್ಟಿದನೆಂದು ಲಯನಲ್‌ಗೆ ಅರ್ಥವಾಗಲಿಲ್ಲ.

"ಲಯನಲ್," ಎಂದಳು ಟ್ಯಾಮ್‌ಸಿನ್, "ನಮ್ಮ ಸಿನಿಮಾದ ಕೊನೆ ನಂಗೆ ಹಿಡಿಸಿರಲಿಲ್ಲ. ಕ್ರಂಬ್ ಬಲೂನ್ ಏರಿ ಹೋಗೋದು, ಬೀಳೋದು, ಅದೆಲ್ಲ ಬೇಡ. ಕೊನೆಗೆ ವಿನಿಫ್ರೆಡ್ ಅವನ್ನ ಕೂರಿಸ್ಕೊಂಡು ಬಯ್ಯಲಿ. ಇದೇ ಬೈಗುಳ. ಒಂದಕ್ಷರ ಬದಲಾಯಿಸೋದು ಬೇಡ, ನಿಮ್ಮ ಹೆಸರಿನ ಜಾಗದಲ್ಲಿ ಕ್ರಂಬ್ ಹೆಸರು ಹಾಕಿದ್ರೆ ಸಾಕು. ಗೇನರ್ ಅವರಿಗೆ ಫೋನ್ ಮಾಡಿ ಕೇಳ್ದೆ. 'ಧಾರಾಳವಾಗಿ' ಅಂದ್ರು."

"ಯಾರು ಮಾಡೋದು ಅದನ್ನ?" ಲಯನಲ್‌ನ ದನಿ ಕೀಚಲಾಗಿತ್ತು.

"ಆ ಮುಖ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಬೈಗುಳ ಸರಿಯಾಗಿ ಒಂದು ನಿಮಿಷ. ಅರವತ್ತು ಸೆಕೆಂಡು. ವಾರಕ್ಕೆ ನಾಲ್ಕರಂತೆ ಹದಿನೈದು ವಾರ. ಲೋಕದಲ್ಲಿ ಹೆಂಡತಿಯ ಕೈಲಿ ಬೈಸಿಕೊಂಡ ಗಂಡಂದಿರಿಗೆ ಲೆಕ್ಕವಿಲ್ಲ. ಆದರೆ ಒಂದು ನಿಮಿಷದ ಬೈಗುಳವನ್ನು ಮಾರ್ಚ್‌ನಿಂದ ಜೂನ್‌ವರೆಗೆ ಬೈಸಿಕೊಂಡವನು ಲಯನಲ್ ಒಬ್ಬನೇ ಇರಬೇಕು.

ಕೆಲಸ ಹೀಗೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಿನ ಒಂದು ಚೂರನ್ನು ಕೇಳಬೇಕು. ವಿನಿಫ್ರೆಡ್‌ಗೆ ಒಂದು ಪೆಟ್ಟಿಗೆ ತುಂಬ ಬಾಯಿಗಳಿದ್ದವು. ಆ ಎನ್ನುವ ಬಾಯಿ, ಊ ಎನ್ನುವ ಬಾಯಿ, ತುಟಿ ಮುಚ್ಚಿದ ಬಾಯಿ, ಹಲ್ಲು ಕಡಿಯುವ ಬಾಯಿ. ಸದ್ದಿಗೆ ತಕ್ಕ ಬಾಯಿ ಆರಿಸಿ ಮುಖಕ್ಕೆ ಅಂಟಿಸಬೇಕು. ಅದಕ್ಕೂ ಮೊದಲು ಆ ಮಾತನ್ನು ತಾನೇ ಕನ್ನಡಿಯ ಎದುರು ಕೂತು ಆಡಿ, ಮುಖದ ಗೆರೆ ಹೇಗೆ ಮುರಿಯುತ್ತದೆಂದು ನೋಡಬೇಕು. ಹೀಗಾಗಿ ಲಯನಲ್ ದಿನವಿಡೀ ಕನ್ನಡಿಯಲ್ಲಿ ತನ್ನನ್ನು ತಾನೇ ಹೆಸರು ಹಿಡಿದು ಬೈದುಕೊಳ್ಳುತ್ತಿದ್ದ. ಕಿವಿ ಮುಚ್ಚುವ ವಿದ್ಯೆ ಇಲ್ಲಿ ನಡೆಯಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಅವನು ಹೆಂಡತಿಯ ಮಾತನ್ನು ಕೇಳುತ್ತಿದ್ದ, ಅದೂ ಒಂದೊಂದೇ ಅಕ್ಷರ. ಬೈಗುಳವನ್ನೆಲ್ಲ ಬರೆದಿಟ್ಟ ಹಾಳೆಯನ್ನು ಮೊದಲೇ ಓದಿಬಿಡಬಹುದಿತ್ತು. ಅವನು ಓದಲಿಲ್ಲ. ಮುಂದಿನ ವಾರದ ಬೈಗುಳವನ್ನು ಈ ವಾರವೇ ಯಾಕೆ ತಿನ್ನಬೇಕು?

ಮೊದಲ ಎರಡು ವಾರ ಅಜ್ಜಿಯ ಡಬ್ಬಿಗೆ ಸಂದವು. ಮೂರನೆಯ ವಾರ ಹಿತ್ತಿಲ ಚಿಲಕಕ್ಕೆ. ಊಟದ ಕೋಣೆಯಲ್ಲಿ ಜೊತೆಯವರು, "ಈ ವಾರ ಎಲ್ಲಿಗೆ ಬಂತು ಲಯನಲ್?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಗೇನರ್ ಕೂಡ ಅದನ್ನೇ ಕೇಳುತ್ತಿದ್ದಳು, ಮುಖವೆತ್ತದೆ, ಆಲೂಗಡ್ಡೆ ಹೆರೆಯುತ್ತ.

"ಎಲ್ಲಿಗೆ ಬಂತು?"

"ಚಹಾದ ವಿಷಯಕ್ಕೆ. 'ನೀನು ಮಾಡೋದು ಚಹಾ ಅಲ್ಲ, ಪಾತ್ರೆ ತೊಳೆದ ನೀರು.' ನಿಜವಾಗ್ಲೂ ಅಷ್ಟು ಕೆಟ್ಟದಾಗಿರುತ್ತಾ?"

"ಓಹೋ, ಇನ್ನೂ ಅಲ್ಲೇ ಇದ್ದೀಯಾ" ಎಂದು ಗೇನರ್ ಮತ್ತೊಂದು ಆಲೂಗಡ್ಡೆ ಎತ್ತಿಕೊಳ್ಳುತ್ತಿದ್ದಳು.

ಆರನೆಯ ವಾರ ಮದುವೆಯ ವಿಷಯ ಬಂತು. ಲಯನಲ್‌ನ ಕೈತಪ್ಪಿ ವಿನಿಫ್ರೆಡ್‌ಳ ಹುಬ್ಬು ಎರಡು ಸಲ ಉದುರಿತು. ಆ ವಾರದ ನಾಲ್ಕು ಸೆಕೆಂಡಿನಲ್ಲಿ ಇದ್ದದ್ದು ಇಷ್ಟು: "ಮದುವೆ ದಿನ ಪಾದ್ರಿ ಎದುರಲ್ಲೇ ನಿಮ್ಮಣ್ಣ ಬೂಟುಗಾಲಲ್ಲಿ ನನ್ನ ಕಾಲು ತುಳಿದ. ಸಾರಿ ಅಂತ ಹೇಳಿದ್ದೂ ನಾನೇ." ತುಳಿಸಿಕೊಂಡವಳೇ ಕ್ಷಮೆ ಕೇಳುವುದು ಆ ಊರಲ್ಲಿ ಸಹಜ, ಅದರಲ್ಲಿ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಹನ್ನೊಂದನೆಯ ಚಿತ್ರದ ತಿರಸ್ಕಾರ ಅಣ್ಣನ ಬೂಟಿಗೆ ಸಲ್ಲತಕ್ಕದ್ದು! ಲಯನಲ್ ಕೂತಲ್ಲೇ ಕುಣಿಯುವಂತಾದ. ಕುಣಿಯಲಿಲ್ಲ, ಮೇಜು ಅಲುಗುತ್ತದೆ.

ಒಂಬತ್ತನೆಯ ವಾರ ಇನ್ನೂ ದೊಡ್ಡ ನಿಧಿ ಸಿಕ್ಕಿತು. ಬೈಗುಳದ ನಟ್ಟನಡುವೆ, ಎಂಟುನೂರ ಮೂವತ್ತನೆಯ ಚಿತ್ರದಲ್ಲಿ, ಗೇನರ್ ನಗುತ್ತಿದ್ದಳು. ಕಣ್ಣು ಕಿರಿದಾಗಿ, ಮೂಗು ಅರಳಿ, ಸ್ಪಷ್ಟವಾಗಿ. ಅವನು ಸಂಜೆ ದಿಬ್ಬವನ್ನು ಹೆಚ್ಚುಕಡಿಮೆ ಓಡಿಯೇ ಹತ್ತಿದ.

"ಗೇನರ್! ನೀನು ನಕ್ಕಿದ್ದೆ! ಬೈತಾ ಬೈತಾ ನಕ್ಕಿದ್ದೆ!"

"ಸೀನು ಬಂದಿತ್ತು" ಎಂದಳು ಗೇನರ್. "ಆ ಡಬ್ಬೀಲಿ ಎಷ್ಟು ವರ್ಷದ ಪುಡಿ ಇತ್ತೋ."

ಲಯನಲ್ ಕೋಟು ಬಿಚ್ಚುತ್ತ ಯೋಚನೆಗೆ ಬಿದ್ದ. ನಗುವೆಂದುಕೊಂಡದ್ದು ಸೀನಾದರೆ, ತಿರಸ್ಕಾರವೆಂದುಕೊಂಡದ್ದು ಏನಾಗಿರಬೇಕು? ನಿಲ್ಲಿಸಿದ ಮುಖ ಏನು ಬೇಕಾದರೂ ಹೇಳುತ್ತದೆಂದು ಅವನಿಗೆ ಹೊಳೆಯುವುದಕ್ಕೆ ಇಷ್ಟು ತಿಂಗಳು ಬೇಕಾಯಿತು. ಪಾಪ, ನಿಧಾನಸ್ಥ. ಆದರೆ ಹೊಳೆಯಿತು. ಆ ರಾತ್ರಿಯೂಟಕ್ಕೆ ಕೂತಾಗ ಅವನು ನೋಟ್‌ಬುಕ್ ಹರಿದು ಕಸದ ಡಬ್ಬಿಗೆ ಹಾಕಿದ. ಗೇನರ್ ನೋಡಿದಳು. ಅವನ ತಟ್ಟೆಗೆ ಒಂದು ಸೌಟು ಬಟಾಣಿ ಹೆಚ್ಚಿಗೆ ಬಡಿಸಿದಳು.

ಹತ್ತು, ಹನ್ನೊಂದು, ಹನ್ನೆರಡು. ದಿಬ್ಬ, ಅಂಗಡಿ ಚೀಲ, ಗೂಬೆ ಸ್ವೆಟರು. ಹದಿಮೂರನೆಯ ವಾರ ಮೂಗಿನಿಂದ ಸುರಿಯುವ ಟೀಪಾಟ್. ("ಜ್ವರ ಬಂದ ಮಗು ಇದ್ದ ಹಾಗಿದೆ. ಆದ್ರೂ ದಿನಾ ಅದನ್ನೇ ತೊಳೆದಿಡ್ತೀನಿ.") ಹದಿನಾಲ್ಕನೆಯ ವಾರ ಮುಗಿಯುತ್ತ ಬಂದಂತೆ ಸ್ಟುಡಿಯೋದಲ್ಲಿ ಏನೋ ಗುಸುಗುಸು. ಬೆಳಕಿನವರು ಕಾರಣವಿಲ್ಲದೆ ಅವನ ಮೇಜಿನ ಹತ್ತಿರ ಸುಳಿದಾಡುತ್ತಿದ್ದರು. ಮನೆಯಲ್ಲಿ ಗೇನರ್, "ಇನ್ನೂ ಕೊನೇಗೆ ಬಂದಿಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಿದ್ದಳು.

ಹದಿನೈದನೆಯ ವಾರದ ಸೋಮವಾರ ಲಯನಲ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಉಳಿದದ್ದು ನಾಲ್ಕೇ ಸೆಕೆಂಡು. ಬಾಯಿಗಳ ಪೆಟ್ಟಿಗೆ ತೆರೆದ. ಒಂದೊಂದೇ ಅಕ್ಷರ ಬರೆದುಕೊಂಡ. 'ಇ' ಬಾಯಿ, 'ಷ್ಟ' ಬಾಯಿ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಪಾಲು ಅಂಟಿಸಿದ್ದ. ಅಕ್ಷರಗಳ ಬೆನ್ನು ಹತ್ತಿದವನಿಗೆ ಮಾತು ಏನೆಂದೇ ತಲೆಗೆ ಹೋಗಿರಲಿಲ್ಲ. ಶುಕ್ರವಾರ ಎಲ್ಲ ಮುಗಿದ ಮೇಲೆ, ಸರಿಯಾಗಿ ಬಂದಿದೆಯೇ ನೋಡೋಣವೆಂದು ಆ ನಾಲ್ಕು ಸೆಕೆಂಡನ್ನು ಒಟ್ಟಿಗೆ ಓಡಿಸಿದ. ತೆರೆಯ ಮೇಲೆ ಕಪ್ಪೆ ಅವನನ್ನೇ ನೋಡುತ್ತ, ಗೇನರ್‌ಳ ದನಿಯಲ್ಲಿ ಹೇಳಿತು:

"ಇಷ್ಟೆಲ್ಲ ಆದ್ಮೇಲೂ, ನಾಳೆ ನೀನು ಮತ್ತೆ ಬಂದು ಕೇಳಿದ್ರೆ, ನಾನು ಹೂಂ ಅಂತೀನಿ. ಕೇಳಿ ನೋಡು."

ಲಯನಲ್ ಮತ್ತೊಮ್ಮೆ ಓಡಿಸಿದ. ಇನ್ನೊಮ್ಮೆ. ತಿರುಗಿ ನೋಡಿದರೆ ಟ್ಯಾಮ್‌ಸಿನ್, ಬೆಳಕಿನವರು, ಕಿವಿ ಮಾಡುವವರು ಎಲ್ಲ ಕೆಲಸ ಬಿಟ್ಟು ಅವನನ್ನೇ ನೋಡುತ್ತ ನಿಂತಿದ್ದಾರೆ.

"ನಿಮಗೆಲ್ಲ… ಇದು ಮೊದಲೇ ಗೊತ್ತಿತ್ತಾ?"

"ನಿಮಗೆ ಗೊತ್ತಿಲ್ಲ ಅಂತ ಮಾತ್ರ ಮೊನ್ನೆವರೆಗೂ ಗೊತ್ತಿರಲಿಲ್ಲ" ಎಂದಳು ಟ್ಯಾಮ್‌ಸಿನ್. "ಹೋಗಿ ಲಯನಲ್. ಎದ್ದು ಹೋಗಿ."

ಅವನಿಗೆ ಆ ಭಾನುವಾರ ನೆನಪಾಯಿತು. ಅಷ್ಟು ಹೇಳಿ ಅವಳು ತನ್ನ ಕಡೆ ತಿರುಗಿದ್ದು, ತಾನು ಚಹಾ ಆರಿಹೋಗುತ್ತದೆ ಎಂದದ್ದು. ನಾಚಿಕೆಯಿಂದ ಅವನ ಕಿವಿ ಸುಟ್ಟಿತು. ಕೋಟು ಹಾಕಿಕೊಳ್ಳಲಿಲ್ಲ. ಬೆರಳಲ್ಲಿ ಹಸಿರು ಮಣ್ಣು ಹಾಗೇ ಇತ್ತು. ಐವತ್ತೇಳನೆಯ ವಯಸ್ಸಿನಲ್ಲಿ, ಮೊದಲ ಸಲ, ಅವನು ಯಾವ ನಡಿಗೆಯನ್ನೂ ಚಿತ್ರ ಚಿತ್ರವಾಗಿ ಯೋಚಿಸದೆ ಸುಮ್ಮನೆ ಓಡಿದ. ಹಲ್ಲಿನ ಡಾಕ್ಟರ ಬಾಗಿಲು ನೂಕಿಕೊಂಡು ಒಳಗೆ ಬಿದ್ದ. ಐದು ಜನ ಊದಿದ ಕೆನ್ನೆ ಹಿಡಿದುಕೊಂಡು ಕೂತಿದ್ದರು. ಎತ್ತರದ ಮೇಜಿನ ಹಿಂದೆ ಗೇನರ್.

"ಅಪಾಯಿಂಟ್‌ಮೆಂಟ್ ಇದೆಯಾ?" ಎಂದಳು.

"ಗೇನರ್," ಲಯನಲ್ ಏದುಸಿರು ಬಿಡುತ್ತ, ಐದು ಊದಿದ ಕೆನ್ನೆಗಳ ಎದುರಿಗೆ, ಆ ಸೀಮೆಯ ಗಂಡಸು ಎಂದೂ ಮಾಡಬಾರದ ಕೆಲಸ ಮಾಡಿದ. ಗಟ್ಟಿಯಾಗಿ ಕೇಳಿದ. "ನನ್ನ ಮದುವೆ ಆಗ್ತೀಯಾ? ಮತ್ತೆ?"

ಊದಿದ ಕೆನ್ನೆಗಳೆಲ್ಲ ಒಟ್ಟಿಗೆ ಗೇನರ್ ಕಡೆ ತಿರುಗಿದವು. ಅವಳ ಕೆನ್ನೆ ಕೆಂಪಾಯಿತು. ಪೆನ್ನು ಕೆಳಗಿಟ್ಟಳು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

"ಫೆಬ್ರವರೀಲಿ ಕೇಳಿದ್ದಿದ್ರೆ ಅಲ್ಲೇ ಹೂಂ ಅಂತಿದ್ದೆ. ಈಗ ಜೂನು. ಯೋಚ್ನೆ ಮಾಡಿ ಹೇಳ್ತೀನಿ. ಹದಿನೈದು ವಾರ ಟೈಮ್ ಕೊಡು."

"ಹದಿನೈದು ವಾರಾನಾ?"

"ನಿನ್ನ ಲೆಕ್ಕದಲ್ಲಿ ಅದು ಒಂದೇ ನಿಮಿಷ ತಾನೆ" ಎಂದು ಗೇನರ್ ಖಾಲಿ ಕುರ್ಚಿಯೊಂದನ್ನು ತೋರಿಸಿ, ಮುಂದಿನ ರೋಗಿಯ ಹೆಸರು ಕೂಗಿದಳು.